ಕಾಯಿಲೆ ಒಂದೇ, ಕಷ್ಟ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನೆಲ್ಲ ಒಂದೇ ಅಳತೆಯಲ್ಲಿ ನೋಡುವುದು ನಿಲ್ಲಬೇಕು. ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ, ಹೆಂಗಸರಲ್ಲಿ ಜಾಸ್ತಿ.

ನನ್ನ ಅಕ್ಕನಿಗೂ ಇದೆ. ನೋಡಿದರೆ ಚೆನ್ನಾಗಿಯೇ ಇದ್ದಾಳೆ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿದು, ಮನೆಯ ಏರು ಹತ್ತಲಾಗದೆ ದಾರಿಯ ಕಲ್ಲಿನ ಮೇಲೆ ಕೂತುಬಿಡುತ್ತಾಳೆ. 'ಸುಮ್ನೆ ನಾಟಕ' ಎಂದವರೂ ಇದ್ದಾರೆ. ಆ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸಿತು. ಪೇಟೆಯಲ್ಲಿ ಕೂತು ಕೆಲಸ ಮಾಡುವವರ ಕಷ್ಟ ಬೇರೆ, ತೋಟದ ಲೈನ್ ಮನೆಯ (ಕೂಲಿಕಾರರ ಸಾಲುಮನೆಯ) ದಿನಗೂಲಿ ಹೆಣ್ಣುಮಗಳ ಕಷ್ಟವೇ ಬೇರೆ ಅಲ್ವಾ? ಆಸ್ಪತ್ರೆಗೆ ಹೋದ ದಿನ ಅವರಿಗೆ ಕೂಲಿಯೂ ಇಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಈ ಕಾಯಿಲೆಯೂ ಸೇರಿದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ತಿಂಗಳಿಗೊಮ್ಮೆ ನರರೋಗ ತಜ್ಞರ ಶಿಬಿರ ನಡೆಸಿ, ಅಂಗವೈಕಲ್ಯದ ಗುರುತಿನ ಚೀಟಿಯ ಅರ್ಜಿಯನ್ನೂ ಅಲ್ಲೇ ತೆಗೆದುಕೊಳ್ಳಲಿ. ವೈದ್ಯರು ಸ್ಕ್ಯಾನ್ ವರದಿಯ ಜೊತೆಗೆ ಮನೆ ಎಲ್ಲಿದೆ, ಕೆಲಸ ಏನು, ನೋಡಿಕೊಳ್ಳಲು ಯಾರಿದ್ದಾರೆ ಎಂದೂ ಕೇಳಿ ಬರೆದುಕೊಳ್ಳಲಿ.

– ಓದುಗ, ಸೋಮವಾರಪೇಟೆ