ಎಲಿಜಬೆತ್ ಹೌಲ್ಯಾಂಡ್ ಗವರ್ನರ್ ಕಾರ್ವರ್ ಮಗಳಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು, ಆದ್ರೆ ಪಕ್ಕದಲ್ಲಿ ಬಾಕ್ಸ್ ಮಾಡಿ ಹಾಕಿದ್ದ ವಂಶವೃಕ್ಷದಲ್ಲಿ ಒಂದು ತಪ್ಪಿದೆ, ಅದನ್ನ ದಯವಿಟ್ಟು ತಿದ್ದಬೇಕು. 1620ರಲ್ಲಿ ಇಂಗ್ಲೆಂಡಿಂದ ಮೇಫ್ಲವರ್ ಹಡಗಲ್ಲಿ ಅಮೆರಿಕಕ್ಕೆ ಬಂದು ಪ್ಲಿಮತ್ ಅನ್ನೋ ವಸಾಹತು ಕಟ್ಟಿದೋರಲ್ಲಿ ಒಬ್ಬರಾದ ಜಾನ್ ಹೌಲ್ಯಾಂಡ್ ಅವರ ಹೆಂಡತಿ "ಎಲಿಜಬೆತ್ ಕಾರ್ವರ್, ಪ್ಲಿಮತ್ ವಸಾಹತಿನ ಮೊದಲ ಗವರ್ನರ್ ಜಾನ್ ಕಾರ್ವರ್ ಮಗಳು" ಅಂತ ಹಾಕಿದೀರ. ಆಕೆ ಕಾರ್ವರ್ ಮಗಳಲ್ಲ. ಅದೇ ಹಡಗಲ್ಲಿ ಬಂದ ಜಾನ್ ಟಿಲಿ ಅನ್ನೋರ ಮಗಳು, ಎಲಿಜಬೆತ್ ಟಿಲಿ.

ಇದು ನಿಮ್ಮ ಲೇಖಕರು ಹುಟ್ಟಿಸಿದ ತಪ್ಪಲ್ಲ ಅಂತ ಗೊತ್ತು, ಬಹಳ ಹಳೇದು. ಹೌಲ್ಯಾಂಡ್ ವಂಶದವರೇ ತಲೆಮಾರುಗಟ್ಟಲೆ ನಮ್ಮಜ್ಜಿ ಗವರ್ನರ್ ಮಗಳು ಅಂತ ನಂಬ್ಕೊಂಡು ಬಂದಿದ್ರು, 19ನೇ ಶತಮಾನದಲ್ಲಿ ಪ್ಲಿಮತ್‌ನ ಬರಿಯಲ್ ಹಿಲ್ ಅನ್ನೋ ಸ್ಮಶಾನದ ಗುಡ್ಡದ ಮೇಲೆ ನಿಲ್ಲಿಸಿದ ಸಮಾಧಿ ಕಲ್ಲಲ್ಲೂ ಹಾಗೇ ಕೆತ್ತಿಸಿದ್ರು. ನಂಬೋಕೆ ಕಾರಣಾನೂ ಇತ್ತು. ಹೌಲ್ಯಾಂಡ್ ಬಂದಿದ್ದೇ ಕಾರ್ವರ್ ಮನೆ ಆಳಾಗಿ. ಕಾರ್ವರ್ 1621ರ ಏಪ್ರಿಲ್‌ನಲ್ಲಿ ತೀರ್ಕೊಂಡ್ರು, ಕೆಲವೇ ವಾರಕ್ಕೆ ಅವರ ಹೆಂಡತಿ ಕ್ಯಾಥರಿನ್ ಕೂಡ ಹೋದ್ರು. ಆಮೇಲೆ ಹೌಲ್ಯಾಂಡ್ ಊರಲ್ಲಿ ದೊಡ್ಡ ಮನುಷ್ಯರಾದ್ರು. ಯಜಮಾನರ ಮಗಳನ್ನೇ ಮದುವೆ ಆಗಿರ್ಬೇಕು ಅಂತ ಯಾರೋ ಲೆಕ್ಕ ಹಾಕಿದ್ದು ಹಾಗೇ ಬಾಯಿಂದ ಬಾಯಿಗೆ ಬಂದಿರ್ಬೇಕು ಅಂತ ನನಗನ್ಸುತ್ತೆ.

ಸತ್ಯ ಗೊತ್ತಾಗಿದ್ದು ಹೇಗೆ ಅಂದ್ರೆ, ಕಾರ್ವರ್ ನಂತರ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ವಸಾಹತಿನ ಇಡೀ ಕಥೆನ ಕೈಬರಹದಲ್ಲಿ ಬರೆದಿಟ್ಟಿದ್ರು. ಆ ಹಸ್ತಪ್ರತಿ ಬಾಸ್ಟನ್‌ನಲ್ಲಿತ್ತು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗಲಾಟೆ ಕಾಲದಲ್ಲಿ ಕಾಣೆ ಆಯ್ತು, ಕೊನೆಗೆ 1855ರಲ್ಲಿ ಲಂಡನ್ ಬಿಷಪ್ಪರ ಫುಲಮ್ ಅರಮನೆ ಲೈಬ್ರರಿಲಿ ಇದೆ ಅಂತ ಪತ್ತೆ ಆಗಿ 1856ರಲ್ಲಿ ಅಚ್ಚಾಯ್ತು. ಅದರ ಕೊನೇಲಿ ಮೇಫ್ಲವರ್‌ನಲ್ಲಿ ಯಾರ್ಯಾರು ಬಂದ್ರು ಅಂತ ಮನೆವಾರು ಪಟ್ಟಿ ಇದೆ. ಕಾರ್ವರ್ ಮನೆ ಸಾಲಲ್ಲಿ ಗಂಡ ಹೆಂಡತಿ, ಡಿಸೈರ್ ಮಿಂಟರ್ ಅನ್ನೋ ಹುಡುಗಿ, ಆಳುಗಳಾದ ಜಾನ್ ಹೌಲ್ಯಾಂಡ್ ಮತ್ತು ರೋಜರ್ ವೈಲ್ಡರ್, ವಿಲಿಯಂ ಲೇಥಮ್ ಅನ್ನೋ ಹುಡುಗ, ಹೆಸರು ಬರೀದ ಒಬ್ಬ ಕೆಲಸದವಳು, ಜಾಸ್ಪರ್ ಮೋರ್ ಅನ್ನೋ ಮಗು. ಅಷ್ಟೇ. ಹೆಸರು ಬರೀದ ಕೆಲಸದವಳನ್ನೂ ಬಿಡದೆ ಎಣಿಸಿದೋರು ಗವರ್ನರ್‌ಗೆ ಒಬ್ಬ ಮಗಳಿದ್ದಿದ್ರೆ ಮರೀತಿದ್ರಾ? ಕೆಳಗೆ ಬೇರೆ ಸಾಲಲ್ಲಿ ಜಾನ್ ಟಿಲಿ, ಅವರ ಹೆಂಡತಿ, ಅವರ ಮಗಳು ಎಲಿಜಬೆತ್ ಅಂತ ಇದೆ. ಸುಮಾರು ಮೂವತ್ತು ವರ್ಷದ ಮೇಲೆ ಯಾರ ಸಂಸಾರ ಏನಾಯ್ತು ಅಂತ ಬರೆಯೋವಾಗ, ಹೌಲ್ಯಾಂಡ್ ಮದುವೆ ಆಗಿದ್ದು ಜಾನ್ ಟಿಲಿ ಮಗಳು ಎಲಿಜಬೆತ್‌ನ, ಇಬ್ಬರೂ ಬದುಕಿದಾರೆ, 10 ಮಕ್ಕಳು, ಎಲ್ಲರೂ ಇದಾರೆ ಅಂತ ಸ್ಪಷ್ಟವಾಗಿ ಬರೆದಿದಾರೆ. ಬರೆದೋರು ಅದೇ ಹಡಗಲ್ಲಿ ಬಂದೋರು, ಅದೇ ಪುಟ್ಟ ಊರಲ್ಲಿ ಇದ್ದೋರು, ದಂಪತಿ ಕಣ್ಣೆದುರಿಗೆ ಓಡಾಡ್ತಿದ್ದಾಗ ಬರೆದಿರೋದು. ಇದರ ಮುಂದೆ ಎಷ್ಟೋ ತಲೆಮಾರಾದ್ಮೇಲೆ ಕೆತ್ತಿಸಿದ ಕಲ್ಲು ನಿಲ್ಲಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಹೆನ್ಲೊ ಅನ್ನೋ ಊರಿನ ಚರ್ಚ್ ರಿಜಿಸ್ಟರ್‌ನಲ್ಲಿ ಆಕೆ ಬ್ಯಾಪ್ಟಿಸಂ ದಾಖಲೆನೂ ಇದೆ, 1607ರ ಆಗಸ್ಟ್ 30. ತಾಯಿ ಹೆಸರು ಜೋನ್ ಹರ್ಸ್ಟ್.

ಮಗಳ ಸಂಸಾರ ಬಾಸ್ಟನ್ ಹತ್ತಿರ ಇರೋದ್ರಿಂದ ನಾವು ಪ್ಲಿಮತ್‌ಗೆ ಹೋಗಿ ಆ ಗುಡ್ಡ ಹತ್ತಿದ್ವಿ. ಈಗ ಅಲ್ಲಿರೋ ಕಲ್ಲಲ್ಲಿ ಎಲಿಜಬೆತ್, ಜಾನ್ ಟಿಲಿ ಮಗಳು ಅಂತಾನೇ ಇದೆ. ಕಲ್ಲಲ್ಲಿ ಕೆತ್ತಿದ್ದನ್ನೇ ಅವರು ತಿದ್ಕೊಂಡಿರೋವಾಗ ನಾವು ಪೇಪರಲ್ಲಿ ಹಳೇದನ್ನೇ ಹಾಕೋದು ಸರಿಯಲ್ಲ ಸರ್. ಆನ್‌ಲೈನ್ ವಂಶವೃಕ್ಷಗಳಲ್ಲಿ ಒಬ್ಬರದ್ದು ನೋಡಿ ಇನ್ನೊಬ್ಬರು ಕಾಪಿ ಮಾಡ್ತಾರೆ, ನಾಳೆ ನಿಮ್ಮ ಪುಟದ ಫೋಟೋನೇ ಸಾಕ್ಷಿ ಅಂತ ಯಾರಾದ್ರೂ ಅಂಟಿಸಬಹುದು.

ಮುನ್ನೂರು ನಾನೂರು ವರ್ಷದ ಹಿಂದಿನ ಹೆಂಗಸಿನ ತವರುಮನೆ ಹೆಸರು ಹಿಡ್ಕೊಂಡು ಏನಾಗ್ಬೇಕು ಅಂತ ಕೆಲವರು ಕೇಳ್ತಾರೆ. ಆಗ್ಬೇಕಾದ್ದಿದೆ. ಹೌಲ್ಯಾಂಡ್ ದಂಪತಿ ವಂಶದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್, ಬುಷ್ ಅಪ್ಪ ಮಗ, ಹೀಗೆ ಅಮೆರಿಕದ ಅಧ್ಯಕ್ಷರೇ ಇದಾರೆ. ಆಕೆನ ಕಾರ್ವರ್ ಮಗಳು ಅಂದ್ರೆ ಇವರಿಗೆಲ್ಲ ಸಂಬಂಧವೇ ಇಲ್ಲದ ಗವರ್ನರ್ ಅಜ್ಜ ಆಗ್ತಾರೆ, ನಿಜವಾದ ಅಜ್ಜ ಅಜ್ಜಿ ವಂಶವೃಕ್ಷದಿಂದಲೇ ಅಳಿಸಿ ಹೋಗ್ತಾರೆ. ಅದಕ್ಕಿಂತ ನನ್ನ ಮನಸ್ಸಿಗೆ ನೋವಾಗೋದು ಆ ಹುಡುಗಿ ವಿಷಯ. ಹಡಗು ಹತ್ತಿದಾಗ ಅವಳಿಗೆ 13 ವರ್ಷ. ಮೊದಲನೇ ಚಳಿಗಾಲದಲ್ಲಿ ಬಂದೋರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸತ್ತಾಗ ಅವಳಪ್ಪ, ಅಮ್ಮ, ಜೊತೆಗೆ ಬಂದಿದ್ದ ಚಿಕ್ಕಪ್ಪ ಎಡ್ವರ್ಡ್ ಟಿಲಿ, ಚಿಕ್ಕಮ್ಮ ಎಲ್ಲ ಹೋದ್ರು. ಪರದೇಶದಲ್ಲಿ ಒಂಟಿ ಆದ ಆ ಕೂಸು ಬದುಕಿ, ಸಂಸಾರ ಮಾಡಿ, ಮೊದಲನೇ ಮಗಳಿಗೆ ಡಿಸೈರ್ ಅಂತ ಹೆಸರಿಟ್ಟು (ಕಾರ್ವರ್ ಮನೇಲಿದ್ದ ಆ ಡಿಸೈರ್ ಮಿಂಟರ್ ನೆನಪಿಗೇ ಇರ್ಬೇಕು), ಹೆತ್ತ 10 ಮಕ್ಕಳನ್ನೂ ದೊಡ್ಡೋರು ಮಾಡಿ 80 ವರ್ಷ ಬಾಳಿ 1687ರಲ್ಲಿ ಸ್ವಾನ್ಸಿ ಅನ್ನೋ ಊರಲ್ಲಿ ಮಗಳ ಮನೇಲಿ ತೀರ್ಕೊಂಡ್ಳು. ಹೆತ್ತೋರು ಅಂತೂ ಅಷ್ಟು ಬೇಗ ಹೋದ್ರು, ಅವರ ಹೆಸರಾದ್ರೂ ಅವಳ ಜೊತೆ ಇರಬೇಕಲ್ವಾ. ಗವರ್ನರ್ ಮಗಳು ಅಂದ್ರೆ ಗೌರವ ಜಾಸ್ತಿ ಅಂತ ಯಾರೋ ಅಂದ್ಕೊಂಡಿದ್ದಕ್ಕೆ ಜಾನ್ ಟಿಲಿ, ಜೋನ್ ಇಬ್ಬರಿಗೂ ಮಗಳೇ ಇರ್ಲಿಲ್ಲ ಅನ್ನೋ ಹಾಗಾಯ್ತು.

ಹಾಗಾಗಿ ಮುಂದಿನ ಭಾನುವಾರದ ಪುರವಣಿಲೇ, ಲೇಖನ ಬಂದಿದ್ದ ಪುಟದಲ್ಲೇ ತಿದ್ದುಪಡಿ ಹಾಕಿ, ಇ-ಪೇಪರ್‌ನಲ್ಲಿರೋ ಬಾಕ್ಸನ್ನೂ ಬದಲಾಯಿಸಿ. ಬರೀ ಕಾರ್ವರ್ ತೆಗೆದು ಟಿಲಿ ಅಂತ ಹಾಕಿದ್ರೆ ಸಾಲದು, ತಂದೆ ಜಾನ್ ಟಿಲಿ, ತಾಯಿ ಜೋನ್ ಹರ್ಸ್ಟ್ ಅಂತ ಇಬ್ಬರ ಹೆಸರೂ ಬರಲಿ.

ಇಂತಿ,
ನಿಮ್ಮ ಬಹಳ ವರ್ಷದ ಓದುಗ
ಮೈಸೂರು