ನೆನಪು ಹೋದರೂ ವ್ಯಕ್ತಿ ಇದ್ದಾರೆ

ಮಾನ್ಯರೆ,

ಮನುಷ್ಯನ ಮನಸ್ಸನ್ನು ಮುಂದೊಂದು ದಿನ ಕಂಪ್ಯೂಟರಿಗೆ ವರ್ಗಾಯಿಸಬಹುದು, ದೇಹ ಬರಿಯ ಹೊರಕವಚ ಎಂಬ ಮಾತು ಈಚೆಗೆ ವಿಜ್ಞಾನ ಬರಹಗಳಲ್ಲಿ ಸಲೀಸಾಗಿ ನುಸುಳುತ್ತಿದೆ. ಇದು ಹಳೆಯ ವಾದವೇ. ಮನಸ್ಸು ಬೇರೆ, ದೇಹ ಬೇರೆ ಎಂದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ಗೆ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲೇ ಪತ್ರ ಬರೆದು, ಜಡವಲ್ಲದ ಆತ್ಮವು ಜಡದೇಹವನ್ನು ಅಲುಗಿಸುವುದಾದರೂ ಹೇಗೆ ಎಂದು ಕೇಳಿದ್ದರು. ಅವನ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲ.

ವ್ಯಕ್ತಿಯ ಗುರುತನ್ನು ಪ್ರಜ್ಞೆ ಮತ್ತು ನೆನಪಿನ ಮೇಲೆ ನಿಲ್ಲಿಸಿದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನ ವಾದವಂತೂ ನಮ್ಮ ಮನೆಯಲ್ಲೇ ಸೋತಿದೆ. ಮರೆವಿನ ಕಾಯಿಲೆಯಿಂದ ಮಕ್ಕಳ ಹೆಸರನ್ನೂ ಮರೆತಿರುವ ನಮ್ಮ ಅತ್ತೆಯವರ ಮುಂದೆ ಬಿಡಿ ಮಲ್ಲಿಗೆ ಮತ್ತು ನೆನೆಸಿದ ಬಾಳೆನಾರು ಇಟ್ಟರೆ, ಹೂಗಳನ್ನು ಎರಡೆರಡಾಗಿ ಎದುರುಬದುರು ಜೋಡಿಸಿ, ಕುಣಿಕೆ ಬಿಗಿದು ಕಟ್ಟುತ್ತ ಹೋಗಿ, ಕೊನೆಗೆ ಮೊಳ ಹಾಕಿ ಅಳೆದೂ ನೋಡುತ್ತಾರೆ. (ವೇಗ ಮಾತ್ರ ತುಸು ಕಡಿಮೆಯಾಗಿದೆ.) ಹೂ ಕಟ್ಟುತ್ತಿರುವುದು ಅವರೇ ಹೊರತು ಅವರ ಕವಚವಲ್ಲ. ನಾವು ಗುರುತಿಸಿದರೂ ಬಿಟ್ಟರೂ, ಅವರಿಗೆ ತಮ್ಮ ಗುರುತು ಸಿಕ್ಕರೂ ಸಿಗದಿದ್ದರೂ ಅವರು ಇದ್ದಾರೆ. ಯಾರು ಅರಿತರೂ ಅರಿಯದಿದ್ದರೂ ಇರುವುದು ಇದ್ದೇ ಇರುತ್ತದೆ ಎನ್ನುವ ವಾಸ್ತವವಾದವೆಂದರೆ ನಾನು ತಿಳಿದಿರುವುದು ಇಷ್ಟನ್ನೇ.

— ಓದುಗರೊಬ್ಬರು, ಮೈಸೂರು