ಹಂಡೆಯ ನೀರು ಬತ್ತದಂತೆ ನೋಡಿಕೋ

ಮೂಡಿಗೆರೆ
ಪುನರ್ವಸು ಮಳೆ

ಚಿ. ಪ್ರಶಾಂತನಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಹಳ್ಳಕ್ಕೆ ಟರ್ಬೈನ್ ಕೂರಿಸಿ ಆಯಿತೆಂದೂ, ರಾತ್ರಿ ಲೈಟು ಉಯ್ಯಾಲೆ ಆಡುತ್ತದೆಂದೂ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನೀನು ವೋಲ್ಟೇಜ್ ಒಂದನ್ನೇ ನೋಡುತ್ತಿದ್ದೀಯಂತೆ. ಮೊದಲು ಫ್ರೀಕ್ವೆನ್ಸಿ ಮೀಟರ್ ನೋಡು, ಕರೆಂಟು ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಆಡುತ್ತದೆಂದು ಅದು ಹರ್ಟ್ಸ್‌ನಲ್ಲಿ ತೋರಿಸುತ್ತದೆ. ಕರೆಂಟು ಹುಟ್ಟಿಸುವ ನಿನ್ನ ಆಲ್ಟರ್ನೇಟರ್ ನಾಲ್ಕು ಪೋಲಿನದು, ಅಂದರೆ ನಾಲ್ಕು ಕಾಂತಧ್ರುವದ್ದು. ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್, 1440ಕ್ಕೆ ಇಳಿದರೆ 48. ವೇಗ ಇಳಿದರೂ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಎವಿಆರ್ ಸ್ವಲ್ಪ ದೂರದವರೆಗೆ 230 ವೋಲ್ಟನ್ನೇ ಎಳೆದು ಹಿಡಿದಿರುತ್ತದೆ. ಹಾಗಾಗಿ ವೋಲ್ಟ್‌ಮೀಟರ್ ನಂಬಿ ಕೂತರೆ ಫ್ರಿಜ್ಜಿನ ಮೋಟಾರ್ ಕಾದು ಹೋಗುವವರೆಗೂ ಗೊತ್ತಾಗುವುದಿಲ್ಲ.

ಲೆಕ್ಕ ಇಷ್ಟೇ. 30 ಮೀಟರ್ ಎತ್ತರದಿಂದ ಸೆಕೆಂಡಿಗೆ 20 ಲೀಟರ್ ನೀರು ಬಿದ್ದರೆ, ಅರ್ಧ ನಷ್ಟಕ್ಕೆ ಹೋದರೂ ಸುಮಾರು 3 ಕಿಲೋವ್ಯಾಟ್ ಸಿಗುತ್ತದೆ. ಮನೆಯಲ್ಲಿ 300 ವ್ಯಾಟ್ ಉರಿಸುತ್ತಿದ್ದರೂ ನೀರು ಕೊಡುವುದು 3 ಕಿಲೋವ್ಯಾಟೇ. ಉಳಿದದ್ದಕ್ಕೆ ದಾರಿ ಕಾಣಿಸದಿದ್ದರೆ ಅದು ಚಕ್ರದ ವೇಗಕ್ಕೇ ಸೇರುತ್ತದೆ. ಲೋಡ್ ಪೂರ್ತಿ ಕಳಚಿಕೊಂಡರೆ ಚಕ್ರ ಹೆಚ್ಚುಕಡಿಮೆ ಎರಡು ಪಟ್ಟು ವೇಗಕ್ಕೆ ಹೋಗಿಬಿಡಬಹುದು.

ದೊಡ್ಡ ವಿದ್ಯುತ್ ಕೇಂದ್ರಗಳಲ್ಲಿ ವೇಗವನ್ನು ಹಿಡಿದಿಡುವ ಕೆಲಸ ಗವರ್ನರ್‌ನದು, ಅಂದರೆ ಬೇಕಾದಷ್ಟೇ ನೀರು ಬಿಡುವ ಸಾಧನದ್ದು. ಶರಾವತಿಯ 103.5 ಮೆಗಾವ್ಯಾಟಿನ ಯಂತ್ರಕ್ಕೆ ಶೇ. 5 ಡ್ರೂಪ್ (ಫ್ರೀಕ್ವೆನ್ಸಿ ಶೇ. 5 ಇಳಿದರೆ ಸೊನ್ನೆಯಿಂದ ಪೂರ್ತಿ ಶಕ್ತಿಗೆ ಏರುವ ಹೊಂದಾಣಿಕೆ) ಎಂದಿಟ್ಟುಕೋ, ಫ್ರೀಕ್ವೆನ್ಸಿ 0.1 ಹರ್ಟ್ಸ್ ಇಳಿದರೆ ಇನ್ನೊಂದು 4 ಮೆಗಾವ್ಯಾಟಿಗೆ ಬೇಕಾದಷ್ಟು ನೀರನ್ನು ಅದು ತಾನಾಗಿ ಬಿಡುತ್ತದೆ. ಹೀಗೆ ನೂರಾರು ಯಂತ್ರಗಳು ಒಟ್ಟಿಗೆ ಹೆಗಲು ಕೊಡುವುದರಿಂದಲೇ ದೇಶದ ಗ್ರಿಡ್ಡನ್ನು 49.90ರಿಂದ 50.05ರೊಳಗೆ ಇಡಲು ಸಾಧ್ಯ. ನಿನ್ನದು ಒಂಟಿ ಎತ್ತಿನ ಗಾಡಿ. 49ರಿಂದ 51ರೊಳಗೆ ನಿಂತರೆ ಸಾಕು.

ಗೇಟ್‌ವಾಲ್ವ್ ತಿರುಗಿಸಿ ಫ್ರೀಕ್ವೆನ್ಸಿ ಸರಿಮಾಡಲು ಮಾತ್ರ ಹೋಗಬೇಡ. 150 ಮೀಟರ್ ಉದ್ದದ ಆರಿಂಚು ಪೈಪಿನೊಳಗೆ ಎರಡೂವರೆ ಟನ್ನಿಗೂ ಹೆಚ್ಚು ನೀರು ಓಡುತ್ತಿರುತ್ತದೆ. ಅದನ್ನು ಗಕ್ಕನೆ ತಡೆದರೆ ಪಿವಿಸಿ ಪೈಪು ಜಾಯಿಂಟಿನಲ್ಲೇ ಸೀಳುತ್ತದೆ. ಅದಕ್ಕೇ ಸಣ್ಣ ಘಟಕಗಳಲ್ಲಿ ನೀರನ್ನು ಮುಟ್ಟದೆ, ಮನೆಗೆ ಬೇಡವಾದ ಕರೆಂಟನ್ನು ಹೀಟರಿಗೆ ತಿರುಗಿಸುವುದು. ಗೋಡೆಯ ಮೇಲಿನ ಇಎಲ್‌ಸಿ (ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್) ಪೆಟ್ಟಿಗೆ ಮಾಡುವುದು ಇದನ್ನೇ. ಮನೆಯಲ್ಲಿ ಮಿಕ್ಸಿ ಹಾಕಿದರೆ ಹೀಟರ್‌ಗೆ ಅಷ್ಟು ಕಡಿಮೆ, ಆರಿಸಿದರೆ ಅಷ್ಟು ಜಾಸ್ತಿ. ಆಲ್ಟರ್ನೇಟರ್ ಮೇಲಿನ ಭಾರ ಒಂದೇ ಸಮ.

ಈ ಹೀಟರಿಗೆ ಬ್ಯಾಲಾಸ್ಟ್ ಅನ್ನುತ್ತಾರೆ. ಎಲ್ಲರೂ ಎಡವುವುದು ಇಲ್ಲಿಯೇ. ಇದು ಯಂತ್ರದ ಶಕ್ತಿಗಿಂತ ಶೇ. 10ರಿಂದ 20ರಷ್ಟು ದೊಡ್ಡದಿರಬೇಕು, ನಿನಗೆ 3.5 ಕಿಲೋವ್ಯಾಟ್ ಸರಿ. ಸ್ನಾನಕ್ಕೂ ಬಿಸಿನೀರು ಆಗಲಿ ಎಂದು ಹಳೆಯ ಗೀಸರನ್ನೇ ಬ್ಯಾಲಾಸ್ಟಾಗಿ ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದರೊಳಗೆ ಥರ್ಮೋಸ್ಟ್ಯಾಟ್ ಇದೆ, ಮರೆಯಬೇಡ. ನೀರು ಕಾದ ಕೂಡಲೇ ಅದು ಕಟ್ ಮಾಡುತ್ತದೆ, ಆ ಕ್ಷಣ ಯಂತ್ರಕ್ಕೆ ಭಾರವೇ ಇಲ್ಲ, ವೇಗದ ಜೊತೆ ವೋಲ್ಟೇಜೂ ಏರಿ ಮನೆಯ ಬಲ್ಬೆಲ್ಲ ಹೋಗುತ್ತವೆ. ಬ್ಯಾಲಾಸ್ಟ್ ಲೈನಿನಲ್ಲಿ ಥರ್ಮೋಸ್ಟ್ಯಾಟಾಗಲಿ, ಕೈಗೆ ಸಿಗುವ ಸ್ವಿಚ್ಚಾಗಲಿ ಇರಕೂಡದು. ಮೇಲ್ಗಡೆ ತೆರೆದ ಹಂಡೆಗೆ ಕಾಯಿಲ್ ಇಳಿಸಿ, ಹಳ್ಳದ ನೀರು ಸಣ್ಣಗೆ ಬಂದು ಬೀಳುತ್ತಾ, ತುಂಬಿದ್ದು ಹೊರಗೆ ಹರಿಯುವಂತೆ ಮಾಡು. ಹಂಡೆ ಬತ್ತಿದರೆ ಕಾಯಿಲ್ ಸುಟ್ಟು ಅದೇ ಅನಾಹುತ. ಹಂಡೆಗೂ ಯಂತ್ರಕ್ಕೂ ಅರ್ತಿಂಗ್ ಬೇಕೇ ಬೇಕು. ಅದರ ನೀರಿಗೆ ಕೈ ಹಾಕಲು ಮಕ್ಕಳನ್ನು ಬಿಡಬೇಡ.

ಬ್ಯಾಲಾಸ್ಟ್ ಲೈನಿಗೆ ಒಂದು ಆಮ್‌ಮೀಟರ್ ಹಾಕಿಸು. ಬೇರೆಲ್ಲ ಮೀಟರಿಗಿಂತ ನನಗೆ ಅದೇ ಮುಖ್ಯ. ಅದರ ಮುಳ್ಳು ಏರಿದಷ್ಟು ಕರೆಂಟು ಇನ್ನೂ ನಿನ್ನ ಕೈಯಲ್ಲಿದೆ, ಸೊನ್ನೆಗೆ ಬಂತೆಂದರೆ ಮಿಗತೆ ಮುಗಿಯಿತು. ಅದರ ಮೇಲೆ ಇನ್ನೊಂದು ಬಲ್ಬ್ ಹಾಕಿದರೂ ಫ್ರೀಕ್ವೆನ್ಸಿ ಇಳಿಯಲು ಶುರು. ಅರ್ಧ ಎಚ್‌ಪಿ ಪಂಪು ಹೊರಡುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆ ಹೊತ್ತಿಗೆ ಬೇರೆ ದೊಡ್ಡದು ಯಾವುದೂ ಓಡುತ್ತಿರದ ಹಾಗೆ ನೋಡಿಕೋ. 48ರ ಕೆಳಗೆ ನಿಂತೇ ಇದ್ದರೆ ಮೊದಲು ಫ್ರಿಜ್ಜು ಆರಿಸು.

ಇನ್ನು ಉಯ್ಯಾಲೆಯ ವಿಷಯ. ಫ್ರೀಕ್ವೆನ್ಸಿ ಮೀಟರಿನ ಮುಳ್ಳು, ಗಡಿಯಾರದ ಲೋಲಕದ ಹಾಗೆ ಒಂದೇ ತಾಳದಲ್ಲಿ ಅತ್ತಿತ್ತ ಆಡಿದರೆ ಇಎಲ್‌ಸಿಯ ಗೇನ್, ಅಂದರೆ ಏರಿಳಿತವನ್ನು ತಿದ್ದುವ ಚುರುಕು, ಜಾಸ್ತಿಯಾಗಿದೆ. ಆ ಸ್ಕ್ರೂವನ್ನು ಚೂರೇ ಚೂರು ಕಡಿಮೆ ಮಾಡಿ ನೋಡಬೇಕು. ಪೆಟ್ಟಿಗೆಯೊಳಗೆ 230 ವೋಲ್ಟ್ ಇರುವುದರಿಂದ ಕೂರಿಸಿದವನ ಕೈಯಲ್ಲೇ ಮಾಡಿಸು. ತಾಳವಿಲ್ಲದೆ ಜಗ್ಗಿದರೆ, ಪೈಪಿನಲ್ಲಿ ಗುಳುಗುಳು ಸದ್ದು ಬಂದರೆ, ಮೇಲಿನ ತೊಟ್ಟಿಯಲ್ಲಿ ನೀರು ಇಳಿದು ಗಾಳಿ ಎಳೆಯುತ್ತಿದೆ. ಲೋಡ್ ಹಾಕಿದಾಗಲೇ ಕುಸಿದು ರಬ್ಬರ್ ವಾಸನೆ ಬಂದರೆ ಬೆಲ್ಟು ಜಾರುತ್ತಿದೆ. ಬ್ಯಾಲಾಸ್ಟ್ ಆಂಪಿಯರ್ ಗಂಟೆಗಟ್ಟಲೆ ಮೆಲ್ಲಗೆ ಇಳಿಯುತ್ತಾ ಬಂದರೆ ನೀರು ಒಳಬರುವ ಜಾಲರಿಗೆ ಎಲೆ ಕಟ್ಟಿದೆ. ಈ ಮಳೆಯಲ್ಲಿ ಹೆಚ್ಚಿನ ದಿನ ಇದೇ ಕಾರಣ.

ಶುರುಮಾಡುವಾಗ ಮನೆಯ ಮೇನ್ ಆರಿಸಿಟ್ಟು, ಹಂಡೆ ತುಂಬಿದೆಯೇ ನೋಡಿ, ವಾಲ್ವ್ ನಿಧಾನ ತೆರೆ; 50ಕ್ಕೆ ಬಂದು ನಿಂತ ಮೇಲೆ ಮೇನ್ ಹಾಕು. ನಿಲ್ಲಿಸುವಾಗ ಮೊದಲು ಮೇನ್, ಆಮೇಲೆ ವಾಲ್ವ್, ಅದೂ ನಿಧಾನ.

ಮೆಸ್ಕಾಂ ಲೈನಿಗೂ ಇದಕ್ಕೂ ನಡುವೆ, ಒಂದು ಸಲಕ್ಕೆ ಒಂದೇ ಕಡೆಯ ಕರೆಂಟನ್ನು ಮನೆಗೆ ಬಿಡುವ ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೀಯೋ ಇಲ್ಲವೋ ನಿಮ್ಮಪ್ಪ ಹೇಳಲಿಲ್ಲ. ಹಾಕಿಸಿಲ್ಲದಿದ್ದರೆ ಇವತ್ತೇ ಯಂತ್ರ ನಿಲ್ಲಿಸು. ಕರೆಂಟ್ ಹೋದಾಗ ನಿನ್ನ ಕರೆಂಟು ಲೈನಿಗೆ ನುಗ್ಗಿ ಟ್ರಾನ್ಸ್‌ಫಾರ್ಮರ್ ಹಿಮ್ಮುಖ ಏರಿದರೆ, ಕಂಬದ ಮೇಲಿರುವ ಲೈನ್‌ಮ್ಯಾನ್ ಜೀವಕ್ಕೇ ಕುತ್ತು. ಲೈನಿಗೆ ಕರೆಂಟು ವಾಪಸ್ ಬಂದಾಗ ಎರಡೂ ತಾಳ ತಪ್ಪಿ ಸೇರಿದರೆ ನಿನ್ನ ಆಲ್ಟರ್ನೇಟರೂ ಹೋಯಿತು.

ಕಾಯಿಲ್ ಒಂದು ಹೆಚ್ಚಿಗೆ ತಂದಿಡು, ಈಗಿನ ವ್ಯಾಟಿನದ್ದೇ. ನಿಮ್ಮಮ್ಮನಿಗೆ ನನ್ನ ನೆನಪು ಹೇಳು.

ಇಂತಿ,
ನಿನ್ನ ದೊಡ್ಡಪ್ಪ